ತಮ್ಮನ ಮಾತ್ರೆ ದೀಪಾವಳಿಗೆ ನಿಲ್ಲಿಸಬೇಕಂತೆ. ಏನು ಮಾಡಲಿ?

ತುಂಗೆದಂಡೆ · ಭಾನುವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ನನ್ನ ತಮ್ಮನಿಗೆ 27 ವರ್ಷ. ಮೂರು ವರ್ಷದ ಹಿಂದೆ ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿಯಿತು. ರಾಡ್ ಹಾಕಿದರು. ನೋವಿಗೆ ಅಂತ ಟಾಪೆಂಟಡಾಲ್ ಮಾತ್ರೆ ಬರೆದುಕೊಟ್ಟರು. ಆರು ತಿಂಗಳಲ್ಲಿ ಕಾಲು ಸರಿಹೋಯಿತು, ಮಾತ್ರೆ ಮಾತ್ರ ನಿಲ್ಲಲಿಲ್ಲ. ಹಳೇ ಚೀಟಿ ಜೇಬಿನಲ್ಲಿ ಇಟ್ಟುಕೊಂಡು ಊರೆಲ್ಲ ಸುತ್ತಿ ತರುತ್ತಿದ್ದ. ನಮಗೆ ಗೊತ್ತಾಗುವ ಹೊತ್ತಿಗೆ ದಿನಕ್ಕೆ ಒಂದೂವರೆ ಸ್ಟ್ರಿಪ್ ಮುಗಿಸುತ್ತಿದ್ದ. ಅಮ್ಮನ ಎರಡು ಬಳೆ ಬೀರುವಿನಲ್ಲಿ ಇಲ್ಲ ಅಂತ ತಿಳಿದದ್ದೂ ಆವಾಗಲೇ.

ಎರಡು ಸಲ ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆವು. ಒಂದೊಂದು ಸಲ ಮೂರು ಮೂರು ತಿಂಗಳು. ಒಳಗೆ ಇಟ್ಟು ಬೀಗ ಹಾಕುತ್ತಿದ್ದರು, ಫೋನಿಗೂ ಸಿಗುತ್ತಿರಲಿಲ್ಲ. ಮೊದಲ ಸಲ ಬಂದು ಹದಿನೈದು ದಿನಕ್ಕೆ ಮತ್ತೆ ಶುರು ಮಾಡಿದ. ಎರಡನೇ ಸಲ ಬಂದ ನಾಲ್ಕನೇ ದಿನಕ್ಕೆ ಬಚ್ಚಲುಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದ. ಉಳಿದಿದ್ದೇ ಹೆಚ್ಚು.

ಆಮೇಲೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಬುಪ್ರೆನಾರ್ಫಿನ್ ಮತ್ತು ನಲಾಕ್ಸೋನ್ ಸೇರಿದ ಮಾತ್ರೆ ಶುರು ಮಾಡಿದರು. ನಾಲಿಗೆ ಕೆಳಗೆ ಇಟ್ಟುಕೊಳ್ಳುವುದು. ಇವತ್ತಿಗೆ ಐದು ತಿಂಗಳು. ಎರಡು ವಾರಕ್ಕೊಮ್ಮೆ ರಾತ್ರಿ ರೈಲು ಹತ್ತಿ ಹೋಗಿ ತರುತ್ತಾನೆ. ಈಗ ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಮೊನ್ನೆ ಅಮ್ಮನ ಜೊತೆ ಕೂತು ಹಲಸಿನ ಹಪ್ಪಳ ತಟ್ಟಿದ. ಅಷ್ಟು ನೋಡಿ ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆದರೆ ಅಪ್ಪ ಒಪ್ಪುತ್ತಿಲ್ಲ. "ಅದೂ ಮಾತ್ರೆ, ಇದೂ ಮಾತ್ರೆ. ಒಂದು ಚಟ ಬಿಡಿಸಿ ಇನ್ನೊಂದು ಕಟ್ಟಿದ್ದಾರೆ" ಅನ್ನುತ್ತಾರೆ. ಚಿಕ್ಕಪ್ಪ ಬೇರೆ ಹೆಣ್ಣು ನೋಡುತ್ತಿದ್ದಾರೆ. ದೀಪಾವಳಿ ಒಳಗೆ ನಿಲ್ಲಿಸಿಬಿಡಲಿ ಅಂತ ಗಡುವು ಕೊಟ್ಟಿದ್ದಾರೆ. ತಮ್ಮ ಏನೂ ಮಾತಾಡುವುದಿಲ್ಲ. ನಿನ್ನೆ ಮಾತ್ರ "ಅಕ್ಕ, ಅರ್ಧ ಅರ್ಧ ಮಾಡಿ ನಾನೇ ಬಿಟ್ಟುಬಿಡಲಾ?" ಅಂತ ಕೇಳಿದ. ನನಗೆ ಎದೆ ಧಸಕ್ ಅಂತು.

ಇದು ನಿಜವಾಗಲೂ ಇನ್ನೊಂದು ಚಟವಾ? ಎಷ್ಟು ದಿನ ತಗೊಳ್ಳಬೇಕು?

---

ನಿರ್ವಾಹಕರು · 10:31

ಅಕ್ಕ, ಬರೆದದ್ದು ಒಳ್ಳೆಯದಾಯಿತು. ಉತ್ತರ ಕೊಡುವವರಲ್ಲಿ ಒಂದು ಕೋರಿಕೆ. ಯಾವ ಮಾತ್ರೆ ಎಲ್ಲಿ ಸಿಗುತ್ತದೆ, ಎಷ್ಟು ತಗೊಳ್ಳಬೇಕು ಎನ್ನುವುದನ್ನು ಇಲ್ಲಿ ಬರೆಯಬೇಡಿ. ಡೋಸ್ ವಿಷಯ ಅವರ ಡಾಕ್ಟರಿಗೇ ಬಿಡೋಣ.

---

ಧಾರವಾಡ ಸಿಸ್ಟರ್ · 10:58

ಅಕ್ಕಾರ, ನಾನು ಮನೋರೋಗ ವಿಭಾಗದಲ್ಲಿ ನರ್ಸ್. ಹನ್ನೊಂದು ವರ್ಷವಾಯಿತು. ನಿಮ್ಮ ತಂದೆಯವರು ಕೇಳಿದ ಪ್ರಶ್ನೆ ನಮ್ಮ ಓಪಿಡಿಯಲ್ಲಿ ದಿನಾ ಯಾರಾದರೂ ಕೇಳುತ್ತಾರೆ. ಕೇಳುವುದು ತಪ್ಪೇನಲ್ಲ. ನನಗೆ ತಿಳಿದಂತೆ ಹೇಳುತ್ತೇನೆ.

ಕೆಂಪು ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ತಿಳಿದುಕೊಳ್ಳಿ. ಮಿದುಳಿನಲ್ಲಿ ಅಫೀಮಿನ ಜಾತಿಯ ಔಷಧಿಗಳು ಕೂರುವ ಸೀಟುಗಳಿವೆ. ಹೆರಾಯಿನ್, ಮಾರ್ಫಿನ್, ಟ್ರಾಮಡಾಲ್, ಟಾಪೆಂಟಡಾಲ್ ಎಲ್ಲ ಬಂದು ಅಲ್ಲೇ ಕೂರುತ್ತವೆ. ಬಂದಾಗ ಗದ್ದಲ, ಎದ್ದುಹೋದಾಗ ಮೈಯೆಲ್ಲ ಹಿಂಡಿದ ಹಾಗೆ. ದಿನಕ್ಕೆ ನಾಲ್ಕು ಸಲ ಈ ಏರಿಳಿತ. ಆ ಮನುಷ್ಯನಿಗೆ ಬೇರೆ ಕೆಲಸ ಮಾಡಲು ಹೊತ್ತೇ ಉಳಿಯುವುದಿಲ್ಲ.

ಬುಪ್ರೆನಾರ್ಫಿನ್ ಆ ಸೀಟಿನ ಮೇಲೆ ಗಟ್ಟಿಯಾಗಿ ಟವೆಲ್ ಹಾಕಿ ಕೂತುಬಿಡುತ್ತದೆ. ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಏಳುವುದಿಲ್ಲ. ಬೇರೆಯವರಿಗೆ ಜಾಗ ಕೊಡುವುದಿಲ್ಲ. ಆದರೆ ತಾನು ಗದ್ದಲ ಮಾಡುವುದಿಲ್ಲ, ಅರ್ಧ ಮಾತ್ರ ಕೆಲಸ ಮಾಡುತ್ತದೆ. ಒಂದು ಮಿತಿ ದಾಟಿದ ಮೇಲೆ ಜಾಸ್ತಿ ತಗೊಂಡರೂ ಉಸಿರಾಟವನ್ನು ಇನ್ನಷ್ಟು ಕೆಳಗೆ ಎಳೆಯುವುದಿಲ್ಲ. ಹೆರಾಯಿನ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ.

ಒಂದು ಮಾತು ಮುಚ್ಚಿಡುವುದಿಲ್ಲ. ದೇಹ ಈ ಗುಳಿಗೆಗೂ ಒಗ್ಗುತ್ತದೆ. ಒಮ್ಮೆಲೇ ಬಿಟ್ಟರೆ ಆಕಳಿಕೆ, ಮೂಗು ಸೋರುವುದು, ಮೈಕೈ ನೋವು, ಬೇಧಿ ಎಲ್ಲ ಬರುತ್ತದೆ. ಅದಕ್ಕೇ ನಿಮ್ಮ ತಂದೆಗೆ ಇದು ಚಟ ಅನ್ನಿಸುವುದು. ಆದರೆ ನಾವು ಚಟ ಅನ್ನುವುದು ಯಾವುದಕ್ಕೆ? ಬಳೆ ಮಾರಿಸಿದ್ದಕ್ಕೆ, ಸುಳ್ಳು ಹೇಳಿಸಿದ್ದಕ್ಕೆ, ಬಚ್ಚಲುಮನೆಯಲ್ಲಿ ಬೀಳಿಸಿದ್ದಕ್ಕೆ, ಅಲ್ವಾ? ಈ ಐದು ತಿಂಗಳಲ್ಲಿ ಅದರಲ್ಲಿ ಯಾವುದು ನಡೆದಿದೆ?

ನಿಮ್ಮ ತಮ್ಮನಿಗೆ ದಯವಿಟ್ಟು ಈಗಲೇ ಹೇಳಿ. ತಾನೇ ಅರ್ಧ ಮಾಡುವುದು ಬೇಡ.

---

ಬಯಲುಸೀಮೆ · 11:40

ಅಕ್ಕ, ನಾನು ನಿಮ್ಮ ತಮ್ಮನ ಜಾಗದಲ್ಲಿ ಇರುವವನು. 31 ವರ್ಷ. ಇದೇ ಮಾತ್ರೆ ಮೇಲೆ ಎರಡೂವರೆ ವರ್ಷ ಆಯಿತು. ಅದಕ್ಕೆ ಮುಂಚೆ ನಾನು ಮಾತ್ರೆ ನುಂಗುವುದು ಬಿಟ್ಟು ಕರಗಿಸಿ ಚುಚ್ಚಿಕೊಳ್ಳುವ ಹಂತಕ್ಕೆ ಹೋಗಿದ್ದೆ. ಎಡಗೈ ನರ ಇವತ್ತಿಗೂ ಗಟ್ಟಿಯಾಗಿದೆ, ರಕ್ತ ಪರೀಕ್ಷೆಗೆ ಬಲಗೈ ಕೊಡುತ್ತೇನೆ.

ನಡುವೆ ಏಳನೇ ತಿಂಗಳಲ್ಲಿ ಒಮ್ಮೆ ಬಿಟ್ಟಿದ್ದೆ. ಯಾರನ್ನೂ ಕೇಳಲಿಲ್ಲ. ಅಣ್ಣನ ಮದುವೆ ಇತ್ತು, ಮನೆ ತುಂಬ ನೆಂಟರು. ಇವನ ಜೇಬಲ್ಲಿ ಏನೋ ಇದೆ ಅಂತ ಯಾರಾದರೂ ಕೇಳುತ್ತಾರೆ ಅನ್ನುವ ಭಯ. ಎಂಟು ದಿನದಲ್ಲಿ ಇಳಿಸಿ ನಿಲ್ಲಿಸಿದೆ. ಮೊದಲ ಎರಡು ದಿನ ಏನೂ ಆಗಲಿಲ್ಲ. ಗೆದ್ದೆ ಅಂದುಕೊಂಡೆ. ಮೂರನೇ ರಾತ್ರಿ ಕಾಲುಗಳು ತಾವಾಗಿ ಒದೆಯಲು ಶುರು ಮಾಡಿದವು. ಮೈ ಮೇಲೆ ಮುಳ್ಳೆದ್ದು, ಹೊದ್ದರೆ ಸೆಕೆ, ತೆಗೆದರೆ ಚಳಿ. ಅದು ಹೇಗೋ ಹತ್ತು ದಿನಕ್ಕೆ ಇಳಿಯಿತು. ಆಮೇಲೆ ಬಂದದ್ದು ಇನ್ನೂ ಕಷ್ಟ. ಬೆಳಗ್ಗೆ ಎದ್ದರೆ ಯಾವುದೂ ಬೇಡ. ಊಟ ಮಣ್ಣಿನ ಹಾಗೆ. ಯಾರ ಮುಖವೂ ಬೇಡ. ಆರನೇ ವಾರಕ್ಕೆ ಮತ್ತೆ ಸೂಜಿ.

ಆಗ ಆಸ್ಪತ್ರೆಗೆ ವಾಪಸ್ ಹೋಗಲು ನಾಚಿಕೆ. ಬೈಯುತ್ತಾರೆ ಅಂತ. ಡಾಕ್ಟರ್ ಮೇಡಂ ಬೈಯಲಿಲ್ಲ. "ಬಂದ್ಯಲ್ಲ, ಕೂತ್ಕೋ" ಅಂದರು. ಅಷ್ಟೇ. ಆ ಮಾತು ಇಲ್ಲದಿದ್ದರೆ ಇವತ್ತು ನಾನು ಟೈಪ್ ಮಾಡುತ್ತಿರಲಿಲ್ಲ.

---

ಮೇಷ್ಟ್ರು ಹಿರಿಯೂರು · ಸೋಮವಾರ, ಬೆಳಗ್ಗೆ 6:20

ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಯಾರ ಮನಸ್ಸನ್ನೂ ನೋಯಿಸಲು ಬರೆಯುತ್ತಿಲ್ಲ. ಆದರೆ ಆ ಅಪ್ಪನ ಮಾತಿನಲ್ಲಿ ನನಗೆ ನ್ಯಾಯ ಕಾಣುತ್ತದೆ. ಮನುಷ್ಯ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಬೆಳಗ್ಗೆ ಎದ್ದು ಓಡಲಿ, ಯೋಗ ಮಾಡಲಿ, ಒಳ್ಳೆಯವರ ಸಹವಾಸ ಇರಲಿ, ಯಾರಾದರೂ ಕೂತು ಮಾತಾಡಲಿ. ಔಷಧಿಯ ಚಟಕ್ಕೆ ಔಷಧಿಯೇ ಮದ್ದು ಅಂದರೆ ನಂಬುವುದು ಕಷ್ಟ. ಆಪ್ತಸಮಾಲೋಚನೆ ಚೆನ್ನಾಗಿ ಕೊಟ್ಟರೆ ಸಾಲದೇ?

---

ಧಾರವಾಡ ಸಿಸ್ಟರ್ · 7:45

ಮೇಷ್ಟ್ರೇ, ಯೋಗ, ಓಟ, ಮಾತು ಎಲ್ಲ ಬೇಕು. ಬೇಡ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಅದಷ್ಟೇ ಸಾಕಾ ಅನ್ನುವುದನ್ನು ಸ್ವೀಡನ್‌ನಲ್ಲಿ ಒಮ್ಮೆ ನೇರವಾಗಿ ಪರೀಕ್ಷೆ ಮಾಡಿದ್ದರು. 2003ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಾಗ ನಾನು ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಹೆರಾಯಿನ್‌ಗೆ ಒಗ್ಗಿಹೋದ 40 ಜನ. ಇಪ್ಪತ್ತು ಮಂದಿಗೆ ಒಂದು ವರ್ಷ ಪೂರ್ತಿ ದಿನಾ ಬುಪ್ರೆನಾರ್ಫಿನ್. ಉಳಿದ ಇಪ್ಪತ್ತು ಮಂದಿಗೆ ಆರು ದಿನ ಕೊಟ್ಟು ಇಳಿಸಿ, ಆಮೇಲೆ ಔಷಧಿ ಇಲ್ಲದ ಬರೀ ಗುಳಿಗೆ. ಗುಂಪು ಚಿಕಿತ್ಸೆ, ವಾರ ವಾರ ಆಪ್ತಸಮಾಲೋಚನೆ, ಮೂತ್ರ ಪರೀಕ್ಷೆ ಎರಡೂ ಕಡೆ ಒಂದೇ. ವರ್ಷದ ಕೊನೆಗೆ ಔಷಧಿ ತಗೊಂಡವರಲ್ಲಿ ನಾಲ್ಕರಲ್ಲಿ ಮೂರು ಪಾಲು ಚಿಕಿತ್ಸೆಯಲ್ಲಿ ಉಳಿದಿದ್ದರು. ಇನ್ನೊಂದು ಕಡೆ ಒಬ್ಬರೂ ಉಳಿಯಲಿಲ್ಲ. ಆ ಇಪ್ಪತ್ತರಲ್ಲಿ ನಾಲ್ಕು ಜನ ಸತ್ತಿದ್ದರು.

ಮಾತು ಚೆನ್ನಾಗಿತ್ತು ಮೇಷ್ಟ್ರೇ. ಆದರೆ ಕೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಮೈ ಸುಡುತ್ತಿರುವಾಗ ಕಿವಿಗೆ ಏನು ಬೀಳುತ್ತದೆ?

---

ಲೂಧಿಯಾನದಿಂದ ಬಂದವನು · 9:05

ನಾನು ವಿಜಯಪುರದವನು. ನೂಲಿನ ಮಿಲ್ ಕೆಲಸದ ಮೇಲೆ ಪಂಜಾಬಿನಲ್ಲಿ ಆರು ವರ್ಷ ಇದ್ದೆ. ಅಲ್ಲಿ ಸರ್ಕಾರ 2017ರ ಅಕ್ಟೋಬರ್‌ನಿಂದ ಇದಕ್ಕಾಗಿಯೇ ಕ್ಲಿನಿಕ್‌ಗಳನ್ನು ತೆರೆದಿದೆ. OOAT ಕ್ಲಿನಿಕ್ ಅನ್ನುತ್ತಾರೆ, ಹೊರರೋಗಿಯಾಗಿಯೇ ಈ ಚಿಕಿತ್ಸೆ ಅಂತ ಅರ್ಥ. ಅಡ್ಮಿಟ್ ಆಗುವುದು ಬೇಡ. ಹೆಸರು ಬರೆಸಿ, ಸಿಬ್ಬಂದಿ ಎದುರಿಗೇ ಮಾತ್ರೆ ನಾಲಿಗೆ ಕೆಳಗೆ ಇಟ್ಟುಕೊಂಡು, ಕರಗಿದ ಮೇಲೆ ಹೋಗುವುದು.

ನಮ್ಮ ಮಿಲ್ಲಿನ ಲಾರಿ ಡ್ರೈವರ್ ಒಬ್ಬರು ಹೋಗುತ್ತಿದ್ದರು. ಒಂದು ದಿನ ನಾನೂ ಜೊತೆಗೆ ಹೋದೆ. ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಅಲ್ಲಿ ನೋಡಿದರೆ ನಮ್ಮ ಊರಿನ ರೇಷನ್ ಅಂಗಡಿ ಸಾಲಿನ ಹಾಗೆ. ಹೊಲಕ್ಕೆ ಹೋಗುವ ರೈತರು, ಟಿಫಿನ್ ಡಬ್ಬಿ ಹಿಡಿದ ಹುಡುಗರು, ಬಿಳಿ ಗಡ್ಡದ ಅಜ್ಜನೊಬ್ಬರು. ಹತ್ತು ನಿಮಿಷ ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂತು ಎದ್ದು ಕೆಲಸಕ್ಕೆ ಹೋದರು. 2020ರ ಲಾಕ್‌ಡೌನ್‌ನಲ್ಲಿ ದಿನಾ ಬರುವುದು ಕಷ್ಟ ಅಂತ ಮನೆಗೇ ಕೆಲವು ದಿನದ ಮಾತ್ರೆ ಕೊಡುತ್ತಿದ್ದರು. ಆ ಡ್ರೈವರ್ ಮಗಳ ಮದುವೆ ಮಾಡಿದ್ದು ಆ ವರ್ಷವೇ. ನನಗೆ ಲಡ್ಡು ಕೊಟ್ಟರು.

ನಮ್ಮ ಕಡೆ ಯಾರಾದರೂ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ತರಬೇಕು ಅಂದರೆ ಸಂಕಟ ಆಗುತ್ತದೆ. ಜಿಲ್ಲಾಸ್ಪತ್ರೆಯಲ್ಲೇ ಸಿಗುವಂತಾಗಬೇಕು. ಇದನ್ನು ನಾವೆಲ್ಲ ಕೇಳಬೇಕು.

---

ಕರಾವಳಿ ಅಮ್ಮ · 11:30

ಶಿವಮೊಗ್ಗದ ಮಗಳೇ, ನನ್ನ ಮಗನದ್ದು ಬ್ರೌನ್ ಶುಗರ್, ಅಂದರೆ ಕಲಬೆರಕೆ ಹೆರಾಯಿನ್. ನಮಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಇದ್ದದ್ದು ಪೊಲೀಸರದ್ದು. ಆಸ್ಪತ್ರೆಗೆ ಹೋದರೆ ಹೆಸರು ಬರೆದುಕೊಂಡು ಕೇಸ್ ಹಾಕುತ್ತಾರೆ ಅಂತ ಯಾರೋ ಹೇಳಿದ್ದರು. ಹಾಗೆ ಹೆದರಿಯೇ ಒಂದು ವರ್ಷ ಕಳೆದೆವು. ಆ ಒಂದು ವರ್ಷ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಒಬ್ಬ ವಕೀಲರು ತಿಳಿಸಿ ಹೇಳಿದರು. 1985ರ ಮಾದಕವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆಯಂತೆ. ಸೇವಿಸಿದ್ದಕ್ಕೋ ಸಣ್ಣ ಪ್ರಮಾಣ ಇಟ್ಟುಕೊಂಡದ್ದಕ್ಕೋ ಕೇಸ್ ಆದವನು ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ ಪೂರ್ತಿ ಮಾಡಿದರೆ ಆ ಕೇಸ್ ನಡೆಸುವುದಿಲ್ಲ. ಮಾರುವವರಿಗೆ ಇದು ಇಲ್ಲ. ನನ್ನ ಮಗನ ಮೇಲೆ ಕೇಸೇ ಇರಲಿಲ್ಲ, ಸುಮ್ನೆ ಹೆದರಿ ಕೂತಿದ್ದೆವು. ಇದನ್ನು ಓದುವ ತಾಯಂದಿರು ಯಾರಾದರೂ ಇದ್ದರೆ, ಹೆದರಿ ದಿನ ಕಳೆಯಬೇಡಿ ಮಕ್ಕಳೇ.

ಇನ್ನೊಂದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಮಾತ್ರೆ ಬೀಗದಲ್ಲಿ ಇಡಿ. ದೊಡ್ಡವರಿಗೆ ಒಗ್ಗಿರುವುದು ಮಗುವಿನ ಉಸಿರನ್ನೇ ನಿಲ್ಲಿಸಬಹುದು. ನಮ್ಮ ಮೊಮ್ಮಗಳು ಚಾಕಲೇಟ್ ಅಂತ ಕೈ ಚಾಚಿದ ದಿನವೇ ನಾವು ಸ್ಟೀಲ್ ಡಬ್ಬಿ ತಂದೆವು.

---

ತುಂಗೆದಂಡೆ · ಮಧ್ಯಾಹ್ನ 2:15

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ತಮ್ಮನಿಗೆ ಬಯಲುಸೀಮೆಯವರ ಬರಹ ತೋರಿಸಿದೆ. ಓದಿ ಫೋನ್ ವಾಪಸ್ ಕೊಟ್ಟ. "ಕಾಲು ಒದೆಯುವುದು ಇವರಿಗೂ ಆಗಿತ್ತಾ" ಅಂದ. ಅರ್ಧ ಮಾಡುವುದಿಲ್ಲ ಅಂತ ಮಾತು ಕೊಟ್ಟಿದ್ದಾನೆ.

ಅಪ್ಪನಿಗೆ ಬಿಪಿ ಮಾತ್ರೆ ಹೋಲಿಕೆ ಹೇಳಿ ನೋಡಿದೆ. ನಾಟಲಿಲ್ಲ. "ಬಿಪಿ ಮಾತ್ರೆಗೆ ನಾನು ಬಳೆ ಮಾರಿಲ್ಲ" ಅಂದರು. ಮುಂದೆ ನನಗೆ ಮಾತು ಹೊರಡಲಿಲ್ಲ.

ಒಂದು ಸಂಶಯ. ಮಾತ್ರೆಯಲ್ಲಿ ನಲಾಕ್ಸೋನ್ ಯಾಕೆ ಸೇರಿಸಿದ್ದಾರೆ? ಅದು ವಿಷ ಇಳಿಸುವ ಔಷಧಿ ಅಂತ ಎಲ್ಲೋ ಓದಿದ್ದೆ.

---

ಡೇಟನ್ ಕನ್ನಡತಿ · 3:50

ನಾನು ಅಮೆರಿಕದ ಒಹಾಯೋದಲ್ಲಿ ಫಾರ್ಮಸಿಸ್ಟ್, ಹುಟ್ಟಿದ್ದು ತೀರ್ಥಹಳ್ಳಿ. ನಿಮ್ಮ ಪ್ರಶ್ನೆಗೆ ಉತ್ತರ ನನ್ನ ದಿನದ ಕೆಲಸವೇ.

ನಾಲಿಗೆ ಕೆಳಗೆ ಇಟ್ಟರೆ ಬುಪ್ರೆನಾರ್ಫಿನ್ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ, ನಲಾಕ್ಸೋನ್ ಬಹಳ ಕಡಿಮೆ. ಹಾಗಾಗಿ ಅದು ಸುಮ್ಮನೆ ಕೂತಿರುತ್ತದೆ. ಅದೇ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಂಡರೆ ನಲಾಕ್ಸೋನ್ ಎಚ್ಚೆತ್ತು ಮೈಯೆಲ್ಲ ಸಂಕಟ ಎಬ್ಬಿಸುತ್ತದೆ. ದುರುಪಯೋಗ ಕಡಿಮೆಯಾಗಲಿ ಅಂತ ನಾಲ್ಕಕ್ಕೆ ಒಂದು ಪಾಲು ಸೇರಿಸುತ್ತಾರೆ. ಚುಚ್ಚಿಕೊಳ್ಳುವವರು ಬುಪ್ರೆನಾರ್ಫಿನ್ ಅನ್ನೂ ಬಿಟ್ಟಿಲ್ಲ, ಇದು ನಿಜ. ಅದಕ್ಕೇ ಇಷ್ಟೆಲ್ಲ ಕಟ್ಟುನಿಟ್ಟು.

ಇಲ್ಲಿ 2002ರಲ್ಲಿ ಈ ಔಷಧಿಗೆ ಒಪ್ಪಿಗೆ ಸಿಕ್ಕಿತು. ಆದರೆ ಬರೆದುಕೊಡಲು ಡಾಕ್ಟರುಗಳಿಗೆ ಬೇರೆಯೇ ಒಂದು ಅನುಮತಿ ಬೇಕಿತ್ತು. ಹೆರಾಯಿನ್, ಆಮೇಲೆ ಫೆಂಟನಿಲ್ ನಮ್ಮ ಊರುಗಳನ್ನು ಖಾಲಿ ಮಾಡುತ್ತಿದ್ದಾಗಲೂ ಆ ಬೇಲಿ ಹಾಗೇ ಇತ್ತು. 2022ರ ಡಿಸೆಂಬರ್ ಕೊನೆಗೆ ತೆಗೆದರು. ಫ್ರಾನ್ಸ್‌ನಲ್ಲಿ 1990ರ ದಶಕದ ನಡುವಿನಲ್ಲೇ ಊರಿನ ಸಾಮಾನ್ಯ ಡಾಕ್ಟರುಗಳಿಗೆ ಬರೆದುಕೊಡಲು ಬಿಟ್ಟರು. ನಾಲ್ಕೈದು ವರ್ಷದಲ್ಲಿ ಅಲ್ಲಿ ಮಿತಿಮೀರಿದ ಸೇವನೆಯ ಸಾವುಗಳು ಐದರಲ್ಲಿ ನಾಲ್ಕು ಪಾಲಿನಷ್ಟು ಇಳಿದವು. ನಾವು ಕಳೆದುಕೊಂಡ ವರ್ಷಗಳ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಹಲ್ಲಿನ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ದಿನಾ ನಾಲಿಗೆ ಕೆಳಗೆ ಕರಗಿಸುವುದರಿಂದ ಹಲ್ಲು ಹುಳುಕಾಗಬಹುದು. ಪೂರ್ತಿ ಕರಗಿದ ಮೇಲೆ ಒಂದು ಗುಟುಕು ನೀರು ಬಾಯಲ್ಲಿ ಆಡಿಸಿ ನುಂಗಲಿ. ಬ್ರಷ್ ಮಾಡಲು ಒಂದು ಗಂಟೆ ಕಾಯಲಿ. ಮಲಬದ್ಧತೆ, ಬೆವರು, ತಲೆನೋವು ಇದ್ದರೆ ಡಾಕ್ಟರಿಗೆ ಹೇಳಲಿ, ಸಹಿಸಿಕೊಂಡು ಕೂರುವುದು ಬೇಡ.

ಮತ್ತೆ, ನಿದ್ದೆ ಮಾತ್ರೆ, ಮುಖ್ಯವಾಗಿ ಆಲ್ಪ್ರಜೋಲಾಮ್ ಥರದ್ದು, ಹೆಂಡ, ಇವೆರಡನ್ನೂ ಇದರ ಜೊತೆ ಸೇರಿಸಿದರೆ ಉಸಿರಾಟ ನಿಧಾನವಾಗಿ ಜೀವಕ್ಕೇ ಅಪಾಯ. ಈ ಔಷಧಿ ತಗೊಳ್ಳುವವರಲ್ಲಿ ಸಾವು ಆಗಿದ್ದರೆ ಬಹಳ ಸಲ ಹೀಗೆ ಬೇರೆ ಏನೋ ಸೇರಿಕೊಂಡಿರುತ್ತದೆ.

---

ಬಯಲುಸೀಮೆ · ಸಂಜೆ 5:10

ಡೇಟನ್ ಅಕ್ಕ ಹೇಳಿದ ಆ ಸಂಕಟ ಚುಚ್ಚಿಕೊಳ್ಳದೆಯೂ ಬರಬಹುದು. ನನಗೆ ಹಾಗೇ ಆಯಿತು. ಆಸ್ಪತ್ರೆಗೆ ಹೋಗುವ ಮುಂಚೆ ಗೆಳೆಯನೊಬ್ಬ ತನ್ನದೊಂದು ಮಾತ್ರೆ ಕೊಟ್ಟ. ನಾನು ಸೂಜಿ ತಗೊಂಡು ಎರಡು ಗಂಟೆಯೂ ಆಗಿರಲಿಲ್ಲ. ನಾಲಿಗೆ ಕೆಳಗೆ ಇಟ್ಟೆ. ಅರ್ಧ ಗಂಟೆಯಲ್ಲಿ ಮೂರು ದಿನದ ನರಳಾಟ ಒಟ್ಟಿಗೆ ಬಂತು. ವಾಂತಿ, ಬೇಧಿ, ನಡುಕ. ಈ ಔಷಧಿಯೇ ನನಗೆ ಆಗಲ್ಲ ಅಂತ ಆರು ತಿಂಗಳು ದೂರ ಇದ್ದೆ. ಔಷಧಿ ತಪ್ಪಾಗಿರಲಿಲ್ಲ, ಹೊತ್ತು ತಪ್ಪಾಗಿತ್ತು.

---

ಧಾರವಾಡ ಸಿಸ್ಟರ್ · 5:42

ಹೌದು ತಮ್ಮಾ. ಬಸ್ಸಿನ ಮಾತೇ ಮತ್ತೆ. ಸೀಟಿನಲ್ಲಿ ಜನ ಕೂತಿರುವಾಗಲೇ ಈ ಗುಳಿಗೆ ಬಂದರೆ ಎಲ್ಲರನ್ನೂ ಒಮ್ಮೆಲೇ ಎಬ್ಬಿಸಿ ಕಳಿಸುತ್ತದೆ. ಅದಕ್ಕೇ ನಾವು ಕಾಯುತ್ತೇವೆ. ಹೆರಾಯಿನ್ ಥರದ್ದಾದರೆ ಕೊನೆಯ ಸಲ ತಗೊಂಡು ಕಡಿಮೆ ಅಂದರೂ ಹನ್ನೆರಡು ಗಂಟೆ ಆಗಬೇಕು. ಆಕಳಿಕೆ, ಕಣ್ಣೀರು, ಮೈಮೇಲೆ ಮುಳ್ಳೆದ್ದ ಚರ್ಮ, ಅಗಲವಾದ ಕಣ್ಣಿನ ಪಾಪೆ, ಇವನ್ನು ನೋಡಿ, ನಾಡಿ ಎಣಿಸಿ, ಅಂಕ ಹಾಕಿ ಆಮೇಲೆ ಮೊದಲ ಗುಳಿಗೆ. ಮನೆಯವರು ಹೊರಗೆ "ಇಷ್ಟು ನರಳುತ್ತಿದ್ದಾನೆ, ಕೊಡಬಾರದಾ" ಅಂತ ಸಿಟ್ಟಾಗುತ್ತಾರೆ. ಆ ಕಾಯುವಿಕೆ ಅವನ ಒಳ್ಳೆಯದಕ್ಕೇ.

ಇದೇ ಚಿಕಿತ್ಸೆಗೆ ಮೆಥಡೋನ್ ಅಂತ ಇನ್ನೊಂದು ಔಷಧಿ ಇದೆ. ಅದರಲ್ಲಿ ಈ ತೊಂದರೆ ಇಲ್ಲ, ಅದು ಪೂರ್ತಿ ಕೆಲಸ ಮಾಡುವ ಔಷಧಿ. ಆದರೆ ಡೋಸ್ ತಪ್ಪಿದರೆ ಅಪಾಯ ಜಾಸ್ತಿ, ಹೃದಯದ ಇಸಿಜಿ ನೋಡಬೇಕಾಗುತ್ತದೆ. ನಮ್ಮ ದೇಶದಲ್ಲಿ ಅದು ಕೆಲವೇ ಕಡೆ ಇದೆ. ಮೆಥಡೋನ್, ಬುಪ್ರೆನಾರ್ಫಿನ್ ಎರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ನಾಲ್ಟ್ರೆಕ್ಸೋನ್ ಅಂತ ಮೂರನೆಯದು. ಅದು ಸೀಟಿಗೆ ಬೀಗವೇ ಹಾಕುತ್ತದೆ. ಅದಕ್ಕೆ ಮುಂಚೆ ಒಂದು ವಾರ ಹತ್ತು ದಿನ ಪೂರ್ತಿ ಬಿಟ್ಟಿರಬೇಕು. ಮನೆಯಲ್ಲಿ ದಿನಾ ನಿಂತು ಕೊಡುವವರಿದ್ದರೆ ಕೆಲವರಿಗೆ ಚೆನ್ನಾಗಿ ಹೊಂದುತ್ತದೆ.

---

ಮೇಷ್ಟ್ರು ಹಿರಿಯೂರು · ರಾತ್ರಿ 9:30

ಸಿಸ್ಟರ್ ಅವರಿಗೆ ಒಂದು ಪ್ರಶ್ನೆ. ಬೆಳಗ್ಗೆ ಬರೆದಾಗ ಇದನ್ನು ಹೇಳಬಾರದು ಅಂದುಕೊಂಡಿದ್ದೆ. ಇಡೀ ದಿನ ತಲೆಯಲ್ಲಿ ಅದೇ ಓಡಿತು.

ನನ್ನ ವಿದ್ಯಾರ್ಥಿ ಒಬ್ಬನಿದ್ದ. ಗಣಿತದಲ್ಲಿ ಜಾಣ. ಇಂಜಿನಿಯರಿಂಗ್ ಓದಲು ಹೋದವನು ಈ ದಾರಿ ಹಿಡಿದ. ಅವರಪ್ಪ ನನ್ನನ್ನು ಕೇಳಿಯೇ ಅವನನ್ನು ಒಂದು ಕೇಂದ್ರಕ್ಕೆ ಸೇರಿಸಿದರು. ನಾನೇ ಧೈರ್ಯ ಹೇಳಿದ್ದೆ. ಮೂರು ತಿಂಗಳ ನಂತರ ಬಂದ. ಮೈ ತುಂಬಿಕೊಂಡಿದ್ದ, ಮುಖ ತಿಳಿಯಾಗಿತ್ತು. ನಮ್ಮ ಮನೆಗೆ ಬಂದು ನಮಸ್ಕಾರ ಮಾಡಿದ. ಹೆಂಡತಿ ಶಾವಿಗೆ ಪಾಯಸ ಮಾಡಿದ್ದಳು. ಐದನೇ ದಿನ ತೀರಿಕೊಂಡ. ಮೊದಲು ತಗೊಳ್ಳುತ್ತಿದ್ದದ್ದಕ್ಕಿಂತ ಜಾಸ್ತಿ ಏನೂ ತಗೊಂಡಿರಲಿಲ್ಲ ಅಂತ ಅವನ ಗೆಳೆಯ ಹೇಳಿದ. ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಷ್ಟು ಚೆನ್ನಾಗಿದ್ದ ಹುಡುಗ ಹೇಗೆ ಹೋದ?

---

ಧಾರವಾಡ ಸಿಸ್ಟರ್ · 10:25

ಮೇಷ್ಟ್ರೇ, ಇದನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕು.

ಅವನು ಚೆನ್ನಾಗಿದ್ದದ್ದೇ ಕಾರಣ. ದಿನಾ ತಗೊಳ್ಳುವಾಗ ದೇಹ ಆ ಪ್ರಮಾಣ ತಡೆದುಕೊಳ್ಳುವುದನ್ನು ಕಲಿತಿರುತ್ತದೆ. ಮೂರು ತಿಂಗಳು ಬಿಟ್ಟರೆ ಆ ತಡೆಯುವ ಶಕ್ತಿ ಹೋಗಿಬಿಡುತ್ತದೆ. ಆಸೆ ಮಾತ್ರ ಹೋಗಿರುವುದಿಲ್ಲ. ಹೊರಗೆ ಬಂದವನು ಒಂದು ದುರ್ಬಲ ಗಳಿಗೆಯಲ್ಲಿ ಹಳೇ ಲೆಕ್ಕದಲ್ಲೇ ತಗೊಳ್ಳುತ್ತಾನೆ. ಅವತ್ತಿನ ದೇಹಕ್ಕೆ ಅದು ಹೊಸಬನಿಗೆ ಕೊಟ್ಟ ಹಾಗೆ. ಉಸಿರು ನಿಲ್ಲುತ್ತದೆ. ಕೇಂದ್ರದಿಂದಲೋ ಜೈಲಿನಿಂದಲೋ ಹೊರಗೆ ಬಂದ ಮೊದಲ ಕೆಲವು ವಾರಗಳೇ ಎಲ್ಲಕ್ಕಿಂತ ಅಪಾಯದ ಕಾಲ. ಶಿವಮೊಗ್ಗದ ಅಕ್ಕನ ತಮ್ಮ ನಾಲ್ಕನೇ ದಿನ ಬಿದ್ದದ್ದೂ ಇದೇ ಕಾರಣಕ್ಕೆ ಇರಬಹುದು. ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಮೇಲೆ ಇರುವವರಲ್ಲಿ ಸಾವು ಅರ್ಧಕ್ಕಿಂತ ಕಡಿಮೆ ಅಂತ ಹಲವು ದೇಶಗಳ ಲೆಕ್ಕ ಸೇರಿಸಿ ನೋಡಿದ್ದಾರೆ. ಅವಸರದಲ್ಲಿ ನಿಲ್ಲಿಸಬೇಡಿ ಅನ್ನುವುದು ಇದಕ್ಕೇ.

ನೀವು ಅವತ್ತು ನಿಮಗೆ ತಿಳಿದ ಒಳ್ಳೆಯದನ್ನೇ ಹೇಳಿದಿರಿ. ಆ ಹುಡುಗನ ಛಲದಲ್ಲೂ ಕೊರತೆ ಇರಲಿಲ್ಲ. ಹೊರಗೆ ಬರುವಾಗ ಅವನ ಕೈಗೆ ಯಾರೂ ಔಷಧಿ ಕೊಟ್ಟಿರಲಿಲ್ಲ, ಹೀಗಾಗಬಹುದು ಅಂತ ಯಾರೂ ಎಚ್ಚರಿಸಿರಲಿಲ್ಲ.

ಎಲ್ಲರೂ ಇದನ್ನು ತಿಳಿದಿರಿ. ಯಾರಾದರೂ ಎಬ್ಬಿಸಿದರೂ ಏಳದೆ, ಗೊರಕೆಯ ಹಾಗೆ ಉಸಿರೆಳೆಯುತ್ತ, ತುಟಿ ನೀಲಿಯಾಗಿದ್ದರೆ ನಿದ್ದೆ ಅಂದುಕೊಳ್ಳಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಒಂದು ಮಗ್ಗುಲಿಗೆ ಮಲಗಿಸಿ. ಏನು ತಗೊಂಡಿದ್ದಾನೆ ಅಂತ ಮರೆಮಾಚದೆ ಹೇಳಿ. ಆಸ್ಪತ್ರೆಯಲ್ಲಿ ನಲಾಕ್ಸೋನ್ ಚುಚ್ಚುಮದ್ದು ಕೊಟ್ಟರೆ ನಿಮಿಷಗಳಲ್ಲಿ ಉಸಿರು ಮರಳುತ್ತದೆ.

---

ಮೇಷ್ಟ್ರು ಹಿರಿಯೂರು · 11:02

ಒಂಬತ್ತು ವರ್ಷದ ನಂತರ ಉತ್ತರ ಸಿಕ್ಕಿತು. ಅವರಪ್ಪ ಇನ್ನೂ ಇದ್ದಾರೆ. ನಾಳೆ ಹೋಗಿ ಹೇಳುತ್ತೇನೆ. ಮಗ ಮಾತು ತಪ್ಪಿದ ಅಂತಲೇ ಅವರು ಇಷ್ಟು ವರ್ಷ ಕೊರಗಿದ್ದಾರೆ.

ಶಿವಮೊಗ್ಗದ ತಾಯಿ, ನಾನು ಬೆಳಗ್ಗೆ ಬರೆದದ್ದನ್ನು ವಾಪಸ್ ತಗೊಳ್ಳುತ್ತೇನೆ. ನಿಮ್ಮ ತಂದೆಯವರು ಒಪ್ಪಿದರೆ ನಾನು ಅವರ ಜೊತೆ ಫೋನಿನಲ್ಲಿ ಮಾತಾಡುತ್ತೇನೆ. ನಿರ್ವಾಹಕರ ಮೂಲಕ ತಿಳಿಸಿ.

---

ಹೊಸ ಓದುಗ 214 · ಮಂಗಳವಾರ, ರಾತ್ರಿ 1:18

ನನ್ನ ಬಗ್ಗೆಯೇ ಕೇಳುತ್ತಿದ್ದೇನೆ. ಟ್ರಾಮಡಾಲ್. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

---

ಬಯಲುಸೀಮೆ · 1:26

ಎಚ್ಚರ ಇದ್ದೀಯಾ ಮಾರಾಯ? ನಾನೂ ಇದ್ದೇನೆ. 14416ಕ್ಕೆ ಫೋನ್ ಮಾಡು. ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಈ ಹೊತ್ತಿನಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡಿಲ್ಲ. ವ್ಯಸನಕ್ಕೆ ಅಂತಲೇ 14446 ಕೂಡ ಇದೆ. ಬೆಂಗಳೂರಿಗೆ ಹತ್ತಿರ ಇದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ, ಧಾರವಾಡದ ಕಡೆ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮನೋರೋಗ ಆಸ್ಪತ್ರೆ. ಹೋಗುವ ತನಕ ಒಮ್ಮೆಲೇ ನಿಲ್ಲಿಸಬೇಡ. ಜಾಸ್ತಿಯೂ ಮಾಡಬೇಡ, ಟ್ರಾಮಡಾಲ್ ಮಿತಿಮೀರಿದರೆ ಫಿಟ್ಸ್ ಬರುತ್ತದೆ. ನಾಳೆ ಏನಾಯಿತು ಅಂತ ಇಲ್ಲೇ ಬರೆ. ಕಾಯುತ್ತೇನೆ.

---

ತುಂಗೆದಂಡೆ · ಮೂರು ವಾರದ ನಂತರ, ಭಾನುವಾರ ಸಂಜೆ 7:00

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ.

ಮೇಷ್ಟ್ರು ಅಪ್ಪನ ಜೊತೆ ಒಂದು ಗಂಟೆ ಮಾತಾಡಿದರು. ಏನು ಮಾತಾಡಿದರು ಅಂತ ಅಪ್ಪ ಹೇಳಲಿಲ್ಲ. ಫೋನ್ ಇಟ್ಟು ಹಿತ್ತಲಿಗೆ ಹೋಗಿ ಕತ್ತಲಾಗುವ ತನಕ ಅಲ್ಲೇ ಕೂತಿದ್ದರು. ರಾತ್ರಿ ಊಟಕ್ಕೆ ಕೂತಾಗ ತಮ್ಮನನ್ನು "ಈ ಸಲ ಬೆಂಗಳೂರಿಗೆ ನಾನೂ ಬರಲಾ" ಅಂತ ಕೇಳಿದರು.

ಹೋಗಿ ಬಂದರು. ಡಾಕ್ಟರ್ ಹತ್ತಿರ ಎಷ್ಟು ದಿನ ಅಂತ ಅಪ್ಪನೇ ಕೇಳಿದರಂತೆ. ಒಂದು ವರ್ಷದ ಒಳಗೆ ಇಳಿಸುವ ಮಾತು ಬೇಡ, ಆಮೇಲೂ ಅವನು ತಯಾರಾದರೆ ಮಾತ್ರ, ತಿಂಗಳುಗಟ್ಟಲೆ ತಗೊಂಡು ನಿಧಾನವಾಗಿ, ಬೇಕಾದರೆ ಇನ್ನೂ ವರ್ಷಗಳು ತಗೊಳ್ಳಬಹುದು ಅಂದರಂತೆ. ಅಪ್ಪ ಇನ್ನೊಂದು ಪ್ರಶ್ನೆ ಕೇಳಿದ್ದಾರೆ. "ಇವನು ಸಿಹಿ ತಿನ್ನಬಹುದಾ?" ತಮ್ಮ ಬಂದು ಅದನ್ನು ಹೇಳುವಾಗ ಅವನ ಕಣ್ಣು ತುಂಬಿತ್ತು.

ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ಹೆಣ್ಣಿನ ಮನೆಯವರಿಗೆ ಹೇಳದೆ ಮದುವೆ ಮಾಡಬಾರದು ಅಂತ ತಮ್ಮನೇ ಹೇಳಿದ್ದಾನೆ. ಅದು ಮುಂದಿನ ವರ್ಷದ ಮಾತು.

ಕರಾವಳಿ ಅಮ್ಮ ಹೇಳಿದ ಹಾಗೆ ಸ್ಟೀಲ್ ಡಬ್ಬಿ ಬಂತು. ಬೀಗದ ಕೈ ಅಪ್ಪನ ಜನಿವಾರದಲ್ಲಿದೆ. ಬೆಳಗ್ಗೆ ಎಂಟಕ್ಕೆ ಮಾತ್ರೆ ತೆಗೆದು ಕೊಡುತ್ತಾರೆ. ಕರಗುವ ಹತ್ತು ನಿಮಿಷ ಮಾತಾಡಬಾರದಲ್ಲ, ಮೊದಲು ಇಬ್ಬರೂ ಗೋಡೆ ನೋಡುತ್ತ ಕೂರುತ್ತಿದ್ದರು. ಈಗ ಅಪ್ಪ ಪೇಪರ್ ತೆಗೆದು ಜೋರಾಗಿ ಓದಿ ಹೇಳುತ್ತಾರೆ. ಅಡಿಕೆ ರೇಟಿನಿಂದ ಶುರು, ಕ್ರಿಕೆಟ್ ತನಕ. ಅಷ್ಟರಲ್ಲಿ ಅಮ್ಮ ಒಂದು ಲೋಟ ನೀರು ತಂದು ಇಡುತ್ತಾಳೆ.